ಎಣ್ಣೆ ಹಾಕಿ ಬಳಸುವ ಡಾರ್ಕ್‌ಫೀಲ್ಡ್ ಕಂಡೆನ್ಸರ್: ಪುಣೆಯ ಲ್ಯಾಬಿನಲ್ಲಿ ಕೆಲವು ಮಳೆಗಾಲ ಕಳೆದ ಮೇಲೆ

ಮೈಮೇಲೆ ‘ಎನ್.ಎ. 1.36–1.25’ ಎಂದು ಕೆತ್ತಿರುವ ಕಂಡೆನ್ಸರ್ ಇದು, ಅಂದರೆ ಮೈಕ್ರೋಸ್ಕೋಪಿನಲ್ಲಿ ಸ್ಲೈಡಿನ ಕೆಳಗಿನಿಂದ ಬೆಳಕು ಬಿಡುವ ಭಾಗ. ಬೆಳಕು ಎಷ್ಟು ಓರೆಯಾಗಿ ಹೋಗಬಲ್ಲದು ಎಂಬುದರ ಅಳತೆಯೇ ಎನ್.ಎ. ಪುಣೆಯ ನಮ್ಮ ಲ್ಯಾಬಿನಲ್ಲಿ ಜೀವಂತ ಬ್ಯಾಕ್ಟೀರಿಯಾಕ್ಕೂ ಇದೇ, ಚಿನ್ನ-ಬೆಳ್ಳಿಯ ನ್ಯಾನೋಕಣಗಳಿಗೂ ಇದೇ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಇದೊಂದನ್ನೇ ತರಿಸಿದರೆ ಸಾಲದು. ಒಳಗೆ ಐರಿಸ್ (ಕಿರಿದು ಮಾಡಬಲ್ಲ ಬೆಳಕಿನ ಕಂಡಿ) ಇರುವ 100ಎಕ್ಸ್ ಆಬ್ಜೆಕ್ಟಿವ್, ಅಂದರೆ ಮಾದರಿಯ ಮೇಲಿನ ಲೆನ್ಸ್, ಜೊತೆಗೇ ಬೇಕು.

ಕಾರಣ ಸರಳ. ಕಂಡೆನ್ಸರ್ ನಡುವಿನ ಬೆಳಕನ್ನು ತಡೆದು, ಟೊಳ್ಳು ಶಂಕುವಿನಂತೆ ಅಂಚಿನ ಬೆಳಕನ್ನಷ್ಟೇ ಮೇಲಕ್ಕೆ ಬಿಡುತ್ತದೆ. ಆ ನೇರ ಬೆಳಕು ಆಬ್ಜೆಕ್ಟಿವ್ ಒಳಗೆ ಹೋಗಬಾರದು, ಕಣಕ್ಕೆ ತಾಗಿ ಚದುರಿದ್ದಷ್ಟೇ ಹೋಗಬೇಕು. ಶಂಕುವಿನ ಒಳ ಅಂಚು 1.25, ಮಾಮೂಲಿ 100ಎಕ್ಸ್ ಆಬ್ಜೆಕ್ಟಿವ್‌ನ ಎನ್.ಎ.ಯೂ 1.25. ಹಾಗಾಗಿ ಬೆಳಕು ಸೋರಿ ಹಿನ್ನೆಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಐರಿಸ್ ಅನ್ನು 1.1ರ ಸುತ್ತಮುತ್ತ ಮುಚ್ಚಿದರೆ ಅದೇ ಹಿನ್ನೆಲೆ ಕಾಡಿಗೆ ಕಪ್ಪು. 40ಎಕ್ಸ್‌ನ ಎನ್.ಎ. 0.65 ಇರುವುದರಿಂದ ಅಲ್ಲಿ ಈ ತಾಪತ್ರಯವಿಲ್ಲ. ಹಾಗಂತ ಕಂಡೆನ್ಸರಿಗೂ ಸ್ಲೈಡಿಗೂ ನಡುವಿನ ಎಣ್ಣೆಯನ್ನು 40ಎಕ್ಸ್‌ನಲ್ಲೂ ಬಿಡುವಂತಿಲ್ಲ. ನಡುವೆ ಗಾಳಿಯಿದ್ದರೆ ಎನ್.ಎ. 1 ದಾಟಿದ ಬೆಳಕು ಸ್ಲೈಡಿಗೆ ತಲುಪುವುದೇ ಇಲ್ಲ.

ಜೋಡಣೆಯಲ್ಲೇ ಹೆಚ್ಚಿನವರು ಸೋಲುವುದು. ಮೊದಲು 10ಎಕ್ಸ್ ಹಾಕಿ. ಕಂಡೆನ್ಸರಿನ ತಲೆಯ ಮೇಲೆ ದೊಡ್ಡ ಹನಿ ಎಣ್ಣೆ ಬಿಟ್ಟು, ಸ್ಲೈಡ್ ಇಟ್ಟು, ಎಣ್ಣೆ ಗಾಜಿಗೆ ಅಂಟುವವರೆಗೆ ನಿಧಾನವಾಗಿ ಏರಿಸಿ. ಅವಸರ ಮಾಡಿದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಒಂದೇ ಗುಳ್ಳೆಯಿದ್ದರೂ ನೋಟದ ಒಂದು ಬದಿ ಮಬ್ಬು. ಆಗ ಎಲ್ಲ ಒರೆಸಿ ಮತ್ತೆ ಹಚ್ಚುವುದೇ ಲೇಸು. ಈಗ ನಡುವೆ ಕಪ್ಪು ಇರುವ ಬೆಳಕಿನ ಉಂಗುರ ಕಾಣಬೇಕು. ಇನ್ನಷ್ಟು ಏರಿಸಿದಂತೆ ಅದು ಕೂಡಿಕೊಂಡು ಚಿಕ್ಕ ಬೆಳಕಿನ ಚುಕ್ಕೆಯಾಗುತ್ತದೆ. ಎರಡು ಪಕ್ಕದ ಸ್ಕ್ರೂಗಳಿಂದ ಆ ಚುಕ್ಕೆಯನ್ನು ನಡುವಿಗೆ ತಂದು, ಆಮೇಲೆ 40ಎಕ್ಸ್‌ಗೆ, 100ಎಕ್ಸ್‌ಗೆ ಹೋಗಿ.

ಉಂಗುರ ಚುಕ್ಕೆಯಾಗಲು ಒಪ್ಪದಿದ್ದರೆ ಸ್ಲೈಡಿನ ದಪ್ಪ ಅಳೆಯಿರಿ. ಅಂಗಡಿಯಲ್ಲಿ ಸಿಗುವ 1.35 ಮಿ.ಮೀ. ಸ್ಲೈಡಿನಲ್ಲಿ ಬೆಳಕು ಗಾಜಿನೊಳಗೇ ಕೂಡಿಬಿಡುತ್ತದೆ, ಮಾದರಿಯ ತನಕ ಬರುವುದಿಲ್ಲ. 1.0ರಿಂದ 1.1 ಮಿ.ಮೀ. ಸ್ಲೈಡನ್ನೇ ಕೇಳಿ ತನ್ನಿ. ಕವರ್ ಗ್ಲಾಸ್ 0.17 ಮಿ.ಮೀ. ಇರಲಿ. ಗಾಜನ್ನು ಚೆನ್ನಾಗಿ ತೊಳೆಯಿರಿ: ಬ್ರೈಟ್‌ಫೀಲ್ಡಿನಲ್ಲಿ (ಮಾಮೂಲಿ ಬೆಳಕಿನ ಹಿನ್ನೆಲೆಯಲ್ಲಿ) ಕಾಣದ ಧೂಳು ಇಲ್ಲಿ ಹಬ್ಬದ ದೀಪದಂತೆ ಬೆಳಗುತ್ತದೆ. ಸ್ಟ್ಯಾಂಡಿನಲ್ಲಿ ಕಂಡೆನ್ಸರ್ ಕೂರುವ ಜಾಗ 37 ಮಿ.ಮೀ. ಇದೆಯೋ 39.5 ಇದೆಯೋ ಎಂದು ಆರ್ಡರ್ ಮಾಡುವ ಮೊದಲೇ ವರ್ನಿಯರ್ ಹಿಡಿದು ನೋಡಿ. ಬೆಳಕು ಧಾರಾಳವಾಗಿ ಬೇಕು. 6 ವೋಲ್ಟ್ 20 ವ್ಯಾಟ್ ಬಲ್ಬಿಗೆ 100ಎಕ್ಸ್‌ನಲ್ಲಿ ಉಸಿರು ಸಾಲದು.

ಪರೀಕ್ಷೆಗೆ ನಮ್ಮ ನೆಚ್ಚಿನ ಮಾದರಿ ಹಲ್ಲುಸಂದಿಯಿಂದ ಕೆರೆದು ತೆಗೆದ ಕೊಳೆ. ಒಂದು ಹನಿ ಉಪ್ಪುನೀರಿನಲ್ಲಿ ಕಲಸಿ ನೋಡಿದರೆ ಕೆನ್ನೆಯ ಜೀವಕೋಶಗಳ ಅಂಚು ಬೆಳ್ಳಿಗೆರೆಯಂತೆ, ನಡುವಿನ ನ್ಯೂಕ್ಲಿಯಸ್ ಸ್ಪಷ್ಟವಾಗಿ ಕಾಣುತ್ತವೆ. ಬಣ್ಣ ಹಾಕದೆಯೇ ಸ್ಪೈರೋಕೀಟುಗಳು (ಸುರುಳಿಯಾಕಾರದ ಬ್ಯಾಕ್ಟೀರಿಯಾ) ತಿರುಚಿಕೊಂಡು ಓಡಾಡುವುದು ಕಂಡರೆ ಜೋಡಣೆ ಸರಿಯಾಯಿತು ಎಂದರ್ಥ.

ಮುಂಬೈ, ಗೋವಾದ ಮಳೆಗಾಲದಲ್ಲಿ ಇಲಿ ಜ್ವರಕ್ಕೆಂದು ಇಂಥದ್ದನ್ನು ಕೊಳ್ಳಲು ಹೊರಟವರು ಗಮನಿಸಿ. ಆ ಜ್ವರ ತರುವ ಬ್ಯಾಕ್ಟೀರಿಯಾ ಲೆಪ್ಟೋಸ್ಪೈರಾದ ಅಡ್ಡಳತೆ ಸುಮಾರು 0.1 ಮೈಕ್ರಾನ್, ಡಾರ್ಕ್‌ಫೀಲ್ಡಿನಲ್ಲಿ ಕಾಣುತ್ತದೆ ನಿಜ. ಆದರೆ ಮಿಲಿಲೀಟರಿಗೆ ಸುಮಾರು 10,000 ಇದ್ದರಷ್ಟೇ ಒಂದು ನೋಟಕ್ಕೆ ಒಂದು ಸಿಗುತ್ತದೆ. ರಕ್ತದಲ್ಲಿನ ಫೈಬ್ರಿನ್ ಎಳೆಗಳು, ಒಡೆದ ಕೆಂಪುಕಣಗಳ ಚೂರುಗಳು ಅದರಂತೆಯೇ ಓಲಾಡಿ ಕಣ್ಣಿಗೆ ಮಣ್ಣೆರಚುತ್ತವೆ. ಇದನ್ನೊಂದೇ ನಂಬಿ ವರದಿ ಬರೆಯಬೇಡಿ. ಕಲ್ಚರ್ (ಲ್ಯಾಬಿನಲ್ಲಿ ಬೆಳೆಸುವ ಬ್ಯಾಕ್ಟೀರಿಯಾ) ಬೆಳೆದಿದೆಯೇ ಎಂದು ನೋಡಲು, ಎಂ.ಎ.ಟಿ. (ರೋಗಿಯ ಸೀರಮ್ ಬೆರೆಸಿದಾಗ ಲೆಪ್ಟೋಸ್ಪೈರಾ ಗುಂಪುಗೂಡುತ್ತದೆಯೇ ಎಂಬ ಪರೀಕ್ಷೆ) ಓದಲು ಮಾತ್ರ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ನ್ಯಾನೋಕಣಕ್ಕೆ 5 ಮೈಕ್ರೋಲೀಟರ್ ದ್ರವವನ್ನು 22 ಮಿ.ಮೀ. ಚೌಕದ ಕವರ್ ಗ್ಲಾಸಿನಡಿ ಹರಡಿ. ಸುಮಾರು 10 ಮೈಕ್ರಾನ್ ದಪ್ಪದ ಪದರ ಬರುತ್ತದೆ. ಅದಕ್ಕಿಂತ ದಪ್ಪವಾದರೆ ಮೇಲೆ ಕೆಳಗಿನ ಕಣಗಳ ಮಂಜು ಕವಿಯುತ್ತದೆ. 60 ನ್ಯಾನೋಮೀಟರ್ ಚಿನ್ನದ ಕಣ ಹಸಿರು ಚುಕ್ಕೆ, ಅಷ್ಟೇ ಗಾತ್ರದ ಬೆಳ್ಳಿ ನೀಲಿ. ಚಿನ್ನದ ಚುಕ್ಕೆಗಳು ಕಿತ್ತಳೆಗೆ, ಕೆಂಪಿಗೆ ತಿರುಗಿದರೆ ಕಣಗಳು ಅಂಟಿಕೊಳ್ಳುತ್ತಿವೆ, ಉಪ್ಪು ಹೆಚ್ಚಾಗಿರಬೇಕು. ಚುಕ್ಕೆಯ ಅಗಲ ಅಳೆದು ಗಾತ್ರ ಹೇಳಲು ಮಾತ್ರ ಹೋಗಬೇಡಿ, ಅದು ಲೆನ್ಸಿನ ಮಿತಿಯ ಅಗಲ. ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಇಳಿಯುವುದರಿಂದ, ವ್ಯಾಸ ಅರ್ಧವಾದರೆ ಬೆಳಕು 64 ಪಟ್ಟು ಕಡಿಮೆ. 20 ನ್ಯಾನೋಮೀಟರ್ ಚಿನ್ನ ಇದರಲ್ಲಿ ಕಾಣುತ್ತದೆಂದು ನಂಬಿ ಕೊಳ್ಳಬೇಡಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಈ ಬಣ್ಣಗಳಿಗೆ ಅರ್ಥವೇ ಉಳಿಯದು.

ದೂರು ಎರಡು. ಸೆಂಟರಿಂಗ್ ಸ್ಕ್ರೂಗಳ ಥ್ರೆಡ್ ಬೇಗ ಸಡಿಲವಾಯಿತು. ಮಾರಿದವರು ಬಿಡಿಭಾಗ ಕೊಡಲಿಲ್ಲ. ಜೊತೆಗೆ ಕೊಟ್ಟದ್ದು ಸೀಡರ್ ಎಣ್ಣೆ, ಅದು ಒಣಗಿ ತಲೆಗಾಜಿನ ಮೇಲೆ ಗಟ್ಟಿಯಾಗುತ್ತದೆ. ಅದನ್ನು ಪಕ್ಕಕ್ಕಿಟ್ಟು ವಕ್ರೀಭವನ ಸೂಚ್ಯಂಕ 1.515 ಇರುವ ಸಿಂಥೆಟಿಕ್ ಎಣ್ಣೆ ಬಳಸಿ. ಕೆಲಸ ಮುಗಿದ ಕೂಡಲೇ ಲೆನ್ಸ್ ಪೇಪರಿನಿಂದ ಒರೆಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಹಾಕಿ.

ಪುಣೆ ಹತ್ತಿರದ ಕೈಗಾರಿಕಾ ಪ್ರದೇಶಗಳಾದ ಭೋಸರಿ, ಚಾಕಣ ಕಡೆ ಲೋಹದ ತುಂಡು ನೋಡುವವರಿಗೆ ಇದು ಬೇಡ. ಇದರ ಬೆಳಕು ಕೆಳಗಿನಿಂದ ಬರುತ್ತದೆ, ಲೋಹವನ್ನು ದಾಟದು. ಪಾಲಿಶ್‌ನ ಗೀರು, ಬಿರುಕು ಹುಡುಕಲು ಮೇಲಿನಿಂದ ಉಂಗುರವಾಗಿ ಬೆಳಕು ಬಿಡುವ ಬಿ.ಡಿ. (ಬ್ರೈಟ್‌ಫೀಲ್ಡ್-ಡಾರ್ಕ್‌ಫೀಲ್ಡ್) ಆಬ್ಜೆಕ್ಟಿವ್‌ಗಳಿರುವ ಮೆಟಲರ್ಜಿಕಲ್ ಮೈಕ್ರೋಸ್ಕೋಪೇ ಆಗಬೇಕು.