ಜಿಮ್ನೊಕ್ಯಾಲಿಸಿಯಂ ಬಾಲ್ಡಿಯಾನಂ: ನಾಲ್ಕು ವರ್ಷ ಸಾಕಿದ ಮೇಲೆ

ಬೆಂಗಳೂರಿನಲ್ಲಿ ಮೂರನೇ ಮಹಡಿ ಮನೆ, ಪೂರ್ವಕ್ಕೆ ಪುಟ್ಟ ಬಾಲ್ಕನಿ, ಹತ್ತೂವರೆವರೆಗೆ ಬಿಸಿಲು. ಇಷ್ಟರಲ್ಲೇ ಹೂ ಬಿಡುವ ಕ್ಯಾಕ್ಟಸ್ ಯಾವುದು ಅಂತ ಕೇಳಿದವರಿಗೆಲ್ಲ ನಾನು ಇದೊಂದೇ ಹೆಸರು ಹೇಳುತ್ತೇನೆ. 2021ರ ಕೊನೆಯಲ್ಲಿ 220 ರೂಪಾಯಿಗೆ ತಂದಾಗ ನಿಂಬೆಹಣ್ಣಿನಷ್ಟಿತ್ತು. ಈಗ ಸಣ್ಣ ಮೂಸಂಬಿಯಷ್ಟಾಗಿದೆ. ಬೇಗ ಬೆಳೆಯಬೇಕು ಅನ್ನುವವರಿಗೆ ಇದು ಬೇಡ.

ಇದಕ್ಕೂ ಮೊದಲು ಬೇರೆ ಒಂದು ನರ್ಸರಿಯಲ್ಲಿ ಮೋಸ ಹೋಗಿದ್ದೆ. ಹಳದಿ ಹೂವಿದ್ದ ಕ್ಯಾಕ್ಟಸ್ ತಂದೆ. ಎರಡು ವಾರವಾದರೂ ಹೂವು ಬಾಡಲೇ ಇಲ್ಲ. ಮುಟ್ಟಿ ನೋಡಿದರೆ ಒಣಹೂವನ್ನು ಬಿಸಿ ಗೋಂದಿನಿಂದ ಅಂಟಿಸಿದ್ದರು. ಕೀಳಲು ಹೋದಾಗ ಗಿಡದ ನೆತ್ತಿಯ ಸಿಪ್ಪೆಯೂ ಕಿತ್ತುಬಂತು. ಗಾಯ ಕೊಳೆತು ಗಿಡವೇ ಹೋಯಿತು. ಜೀವವಿರುವ ಗಿಡಕ್ಕೆ ಹೀಗೆ ಮಾಡುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಾಲ್ಡಿಯಾನಂ ಮೊಗ್ಗನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮತ್ತೆ ಯಾರೂ ಏಮಾರಿಸಲಾರರು. ನೆತ್ತಿಯ ಬಳಿ, ಮುಳ್ಳು ಹುಟ್ಟುವ ಗುಬುಟಿನಿಂದಲೇ ಹೊರಡುತ್ತದೆ. ಕೂದಲಿಲ್ಲ, ಮುಳ್ಳಿಲ್ಲ, ನುಣ್ಣಗಿನ ಹುರುಪೆಗಳು ಒಂದರ ಮೇಲೊಂದು. ಆ ಬೆತ್ತಲೆ ಮೊಗ್ಗಿನಿಂದಲೇ ಈ ಕುಲಕ್ಕೆ ಜಿಮ್ನೊಕ್ಯಾಲಿಸಿಯಂ ಎಂಬ ಗ್ರೀಕ್ ಮೂಲದ ಹೆಸರು.

ಮೊದಲ ವರ್ಷ ಹೂವಿಲ್ಲ. ತಪ್ಪು ನನ್ನದೇ. ಚಳಿಗಾಲದಲ್ಲೂ ವಾರಕ್ಕೊಮ್ಮೆ ನೀರು ಹಾಕುತ್ತಿದ್ದೆ. ಇದರ ತವರು ಅರ್ಜೆಂಟೀನಾದ ಕಟಮಾರ್ಕ ಪ್ರಾಂತ್ಯದ ಬೆಟ್ಟಸೀಮೆ. ಅಲ್ಲಿ ಚಳಿಗಾಲವೆಲ್ಲ ಒಣ, ಮಳೆ ಬರುವುದು ಬೇಸಿಗೆಗೆ. ಮುಂದಿನ ಸಲ ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ ತಿಂಗಳಿಗೊಮ್ಮೆ ನಾಲ್ಕು ಚಮಚ ಮಾತ್ರ ಕೊಟ್ಟೆ. ಗಿಡ ಸ್ವಲ್ಪ ಸುಕ್ಕಾಯಿತು, ಜೀವ ಹೊಡೆದುಕೊಂಡರೂ ಕೈ ಕಟ್ಟಿಕೊಂಡಿದ್ದೆ. ಮಾರ್ಚ್‌ನಲ್ಲಿ ನೀರು ಬಿದ್ದದ್ದೇ ತಡ, ಮೂರು ಮೊಗ್ಗು! ಬೀಟ್‌ರೂಟ್ ಹಿಂಡಿದಂಥ ಕಡುಗುಲಾಬಿ ಬಣ್ಣ, ನಡುವೆ ಕೆನೆಹಳದಿ ಕೇಸರ. ಸಂಜೆ ಮುಚ್ಚಿ ಬೆಳಿಗ್ಗೆ ಮತ್ತೆ ಅರಳುತ್ತದೆ, ಹೀಗೆ ನಾಲ್ಕೈದು ದಿನ. "ಮುಳ್ಳಿನ ಗಿಡ ಬಾಗಿಲೆದುರು ಯಾಕೋ?" ಅಂತಿದ್ದ ಅಮ್ಮ ಕಾಫಿ ಲೋಟ ಹಿಡಿದು ಮೊದಲು ಅಲ್ಲಿಗೇ ಹೋಗುತ್ತಾರೆ.

ಇನ್ನು ಮಣ್ಣು. ಅಂಗಡಿಯಿಂದ ಬಂದ ಕೊಕೊಪೀಟ್‌ನಲ್ಲೇ (ತೆಂಗಿನ ನಾರಿನ ಪುಡಿ) ಬಿಟ್ಟರೆ ಮಳೆಗಾಲ ದಾಟುವುದು ಕಷ್ಟ. ಒಣಗಿದರೆ ಕಲ್ಲು, ನೆನೆದರೆ ವಾರವಾದರೂ ಆರದ ಮುದ್ದೆ. ತಂದ ವಾರದಲ್ಲೇ ಬೇರು ಬಿಡಿಸಿ, ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಕೆಂಪುಮಣ್ಣು ಬೆರೆಸಿ ನೆಟ್ಟೆ. ಮೂರು ದಿನ ನೀರು ಮುಟ್ಟಿಸಲಿಲ್ಲ. ಜೂನ್‌ನಿಂದ ಎರಚಲು ಬೀಳದ ಕಡೆ ಇಡಬೇಕು. 2023ರಲ್ಲಿ ಹಿಟ್ಟುತಿಗಣೆ ಬೇರಿಗೇ ಹತ್ತಿತ್ತು. ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕಿದ ಮೇಲೆ ಚೇತರಿಸಿಕೊಂಡಿತು.

ಒಂದು ಕೊರತೆ ಹೇಳಲೇಬೇಕು. ಇದು ಸಾಮಾನ್ಯವಾಗಿ ಪಕ್ಕದಲ್ಲಿ ಮರಿಗಿಡ ಬಿಡುವುದಿಲ್ಲ, ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದೂ ಇಲ್ಲ. ಅದಕ್ಕೇ ಬೇರೆ ಕಡೆಯಿಂದ ಇನ್ನೊಂದು ಗಿಡ ತಂದೆ. ಎರಡೂ ಒಟ್ಟಿಗೆ ಅರಳಿದ ದಿನ ಸಣ್ಣ ಬ್ರಷ್‌ನಿಂದ ಪರಾಗ ಮುಟ್ಟಿಸಿದೆ. ಈ ವರ್ಷ ಬಿತ್ತಿದ ಬೀಜದಲ್ಲಿ ಹನ್ನೊಂದು ಮೊಳೆತಿವೆ, ಒಂದೊಂದೂ ರಾಗಿಕಾಳಿಗಿಂತ ಚೂರು ದೊಡ್ಡದು.