ಮರದ ಅಟ್ಟಣೆ ಏರುವ ಮುನ್ನ: ಪೆನ್ಸಿಲ್ವೇನಿಯಾದ ಜಿಂಕೆ ಬೇಟೆಗೆ ಹೊರಡುವ ಕನ್ನಡಿಗರಿಗೆ ಒಂದು ಎಚ್ಚರಿಕೆ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ರೈಫಲ್ ಋತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ಆರಂಭವಾಗುತ್ತದೆ. ದಶಕಗಳ ಕಾಲ ಅದು ಸೋಮವಾರ ಆರಂಭವಾಗುತ್ತಿತ್ತು. 2019ರಲ್ಲಿ ಶನಿವಾರಕ್ಕೆ ಬದಲಾದ ಮೇಲೆ ವಾರಾಂತ್ಯದಲ್ಲಿ ಮಾತ್ರ ಬಿಡುವಿರುವ ಕಚೇರಿ ನೌಕರರಿಗೆ ಅನುಕೂಲವಾಯಿತು. ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿಯೂ ಕೆಲವರು ಸಹೋದ್ಯೋಗಿಗಳ ಆಹ್ವಾನದ ಮೇಲೆ ಉತ್ತರದ ಬೆಟ್ಟಗಳ ಬೇಟೆ ಶಿಬಿರಗಳಿಗೆ ಹೋಗುತ್ತಾರೆ. ಹೀಗೆ ಹೋದ ನನ್ನ ಗೆಳೆಯರೊಬ್ಬರು ಮರಕ್ಕೆ ಕಟ್ಟಿದ್ದ ಅಟ್ಟಣೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಅದೇ ಶಿಬಿರದಲ್ಲಿ ನಾನೂ ಇದ್ದೆ. ನಡೆದದ್ದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಈ ವರ್ಷ ಮೊದಲ ಬಾರಿಗೆ ಹೊರಡುವವರು ದಯವಿಟ್ಟು ಪೂರ್ತಿ ಓದಬೇಕು.

ಮೊದಲಿಗೆ ಶಿಬಿರದ ವಾತಾವರಣವನ್ನು ಹೇಳಬೇಕು, ಏಕೆಂದರೆ ಅಪಾಯ ಅಲ್ಲಿಂದಲೇ ಶುರುವಾಯಿತು. ಕಾಡಿನಂಚಿನ ಮರದ ಮನೆ, ಕಟ್ಟಿಗೆ ಒಲೆ, ಗೋಡೆಯ ಮೇಲೆ ಅಜ್ಜಂದಿರ ಕಾಲದ ಫೋಟೋಗಳು, ದೊಡ್ಡ ಪಾತ್ರೆಯಲ್ಲಿ ಹಿಂದಿನ ವರ್ಷದ ಜಿಂಕೆ ಮಾಂಸದ ಸಾರು. ಮೂರು ತಲೆಮಾರಿನ ಜನ ಒಂದೇ ಮೇಜಿನ ಸುತ್ತ ಕುಳಿತು, ಯಾವ ಕಣಿವೆಯಲ್ಲಿ ಗಂಡು ಜಿಂಕೆ ಮರದ ತೊಗಟೆಗೆ ಕೊಂಬು ಉಜ್ಜಿದೆ, ಗಾಳಿ ಯಾವ ಕಡೆಯಿಂದ ಬೀಸಿದರೆ ಎಲ್ಲಿ ಕೂರಬೇಕು, ಬಿಳಿಬಾಲದ ಜಿಂಕೆ ಮನುಷ್ಯನ ವಾಸನೆಯನ್ನು ಎಷ್ಟು ದೂರದಿಂದ ಹಿಡಿಯುತ್ತದೆ ಎಂದು ನಡುರಾತ್ರಿಯವರೆಗೆ ಮಾತನಾಡುತ್ತಾರೆ. ಹೊಸಬರಾದ ನಮಗೆ ಬೆಚ್ಚನೆಯ ಕೈಗವಸು ಕೊಟ್ಟರು, ಒಳ್ಳೆಯ ಹಾಸಿಗೆಯನ್ನು ಬಿಟ್ಟುಕೊಟ್ಟರು. ಆ ಜನರ ಪ್ರೀತಿಯಲ್ಲಿ ಕಪಟವಿರಲಿಲ್ಲ, ಇದನ್ನು ನಾನು ಇಂದಿಗೂ ಹೇಳುತ್ತೇನೆ. ಆದರೆ ಅಷ್ಟು ಅಕ್ಕರೆಯಿಂದ ಹೇಳಿದ ಸಲಹೆಯನ್ನು ಎದುರಿಗೇ ಪ್ರಶ್ನಿಸಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಉಣ್ಣಿಸಿದ ಹಿರಿಯರಿಗೆ ಎದುರಾಡಬಾರದು ಎಂಬ ಸಂಸ್ಕಾರ ಬೇಟೆಯ ಕಾಡಿನಲ್ಲಿ ಜೀವಕ್ಕೆ ಎರವಾಗಬಹುದು.

ಇದಕ್ಕೆ ಇನ್ನೊಂದು ಕಾರಣವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧವಾದ್ದರಿಂದ, ನಮ್ಮ ತಲೆಮಾರಿನವರಿಗೆ ಈ ವಿದ್ಯೆಯನ್ನು ಮನೆಯಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ. ನನ್ನ ಗೆಳೆಯರು ಕೊಡಗಿನವರು. ಕೋವಿ ಅವರಿಗೆ ಹೊಸದಲ್ಲ. ಕೊಡವರಿಗೂ ಅಲ್ಲಿನ ವಂಶಪಾರಂಪರ್ಯ ಭೂಮಿಯಾದ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು ಅವರು. ಶಿಬಿರದ ಹಿರಿಯರು ಅವರ ಗುರಿಯನ್ನು ಕಂಡು ಮೆಚ್ಚಿದರು, ಮೆಚ್ಚಿದ್ದರಿಂದಲೇ ಎಲ್ಲಕ್ಕಿಂತ ಒಳ್ಳೆಯದೆಂದು ಹೆಸರಾದ ಅಟ್ಟಣೆಯನ್ನು ಅವರಿಗೆ ಬಿಟ್ಟುಕೊಟ್ಟರು. ಆದರೆ ಕೋವಿಯ ಪಳಗಿಕೆಗೂ ಕತ್ತಲಲ್ಲಿ ಹದಿನೆಂಟು ಅಡಿ ಎತ್ತರದ ಮರ ಏರುವ ಪಳಗಿಕೆಗೂ ಸಂಬಂಧವಿಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಗೆಳೆಯರ ಬಳಿ ಪೂರ್ಣ ದೇಹದ ಹಾರ್ನೆಸ್, ಅಂದರೆ ಬಿದ್ದರೆ ಹಿಡಿದು ನಿಲ್ಲಿಸಲು ಮೈಗೆ ತೊಡುವ ಪಟ್ಟಿಗಳ ಕವಚ, ಇತ್ತು. ಬೇಟೆ ಶಿಕ್ಷಣದ ತರಗತಿಯಲ್ಲಿ ಕಲಿತಂತೆ ಅದನ್ನು ನೆಲದ ಮೇಲೆಯೇ ತೊಟ್ಟು, ಮರದ ಬುಡದಿಂದಲೇ ಹಗ್ಗಕ್ಕೆ ಸಿಕ್ಕಿಸಿಕೊಳ್ಳಬೇಕೆಂದು ಅವರು ಹಿಂದಿನ ರಾತ್ರಿ ಹೇಳಿದಾಗ, ಶಿಬಿರದ ಯಜಮಾನರು ನಕ್ಕು, ಹಾಗೆ ಮಾಡಿದರೆ ಸದ್ದಾಗುತ್ತದೆ, ಮೇಲೆ ಹೋಗಿ ಕುಳಿತ ಮೇಲೆ ಕಟ್ಟಿಕೊಂಡರೆ ಸಾಕು, ತಾವು ನಲವತ್ತು ವರ್ಷ ಹಾಗೆಯೇ ಮಾಡಿದ್ದೇವೆ ಎಂದರು. ಅಟ್ಟಣೆ ಗಟ್ಟಿಯಾಗಿದೆ, ಹೋದ ವರ್ಷವೇ ಕಟ್ಟಿದ್ದು ಎಂದೂ ಸೇರಿಸಿದರು. ಅದು ಭರವಸೆಯ ಮಾತಾಗಿ ಕೇಳಿಸಿತು. ಅಟ್ಟಣೆಯ ಮಟ್ಟಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ.

ಬೆಳಗಿನ ಜಾವ ಎಲ್ಲರೂ ತಂತಮ್ಮ ಜಾಗಗಳಿಗೆ ಚದುರಿದೆವು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಗುಂಡು ಹಾರಿಸಲು ಅನುಮತಿ ಇರುವುದರಿಂದ ಅದಕ್ಕೂ ಮುಂಚೆ ಕುಳಿತಿರಬೇಕು. ನನಗೆ ಕೊಟ್ಟದ್ದು ಕಣಿವೆಯ ಇನ್ನೊಂದು ಬದಿಯ ನೆಲದ ಜಾಗ. ಗೆಳೆಯರು ಏಣಿಯ ಕೊನೆಯ ಮೆಟ್ಟಿಲಿನಿಂದ ಅಟ್ಟಣೆಯ ಹಲಗೆಗೆ ಕಾಲಿಟ್ಟು ಭಾರ ಹಾಕಿದ ಕೂಡಲೇ ಅದನ್ನು ಮರಕ್ಕೆ ಬಿಗಿದಿದ್ದ ಪಟ್ಟಿ ಹರಿಯಿತು. ಹಾರ್ನೆಸ್ ಮೈಮೇಲೆ ಇತ್ತು, ಆದರೆ ಅದು ಯಾವುದಕ್ಕೂ ಕಟ್ಟಿರಲಿಲ್ಲ. ಒಂದು ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳಿರಲಿಲ್ಲ: ಗುಂಡು ತುಂಬದ ರೈಫಲನ್ನು ಕೆಳಗೆ ಹಗ್ಗಕ್ಕೆ ಕಟ್ಟಿಟ್ಟು, ಹತ್ತಿದ ಮೇಲೆ ಎಳೆದುಕೊಳ್ಳುವ ಕ್ರಮವನ್ನು ಬಿಟ್ಟಿರಲಿಲ್ಲ. ತುಂಬಿದ ರೈಫಲ್ ಹೆಗಲ ಮೇಲಿದ್ದಿದ್ದರೆ ನಾನು ಇಲ್ಲಿ ಬೇರೆಯದನ್ನೇ ಬರೆಯಬೇಕಾಗುತ್ತಿತ್ತು.

ಬಿದ್ದವರಿಗೆ ಪ್ರಜ್ಞೆ ಇತ್ತು, ಏಳಲು ಆಗಲಿಲ್ಲ. ಆ ಬೆಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸಹಾಯ ಬೇಕಾದರೆ ಮೂರು ಗುಂಡು ಹಾರಿಸಿ ಎಂಬುದು ಹಳೆಯ ಸಲಹೆ. ಮೊದಲ ದಿನದ ಬೆಳಿಗ್ಗೆ ಎಲ್ಲ ದಿಕ್ಕಿನಿಂದಲೂ ಗುಂಡಿನ ಸದ್ದು ಕೇಳುತ್ತಿರುವಾಗ ಮೂರನ್ನು ಎಣಿಸುವವರು ಯಾರು? ಅವರು ತೆವಳಿ ರೈಫಲ್ ತಲುಪಿ ಹಾರಿಸಿದ್ದನ್ನು ನಾವು ಹಲವರು ಕೇಳಿದ್ದೆವು, ಯಾರಿಗೋ ಜಿಂಕೆ ಸಿಕ್ಕಿತೆಂದುಕೊಂಡೆವು. ಮಧ್ಯಾಹ್ನದ ಊಟಕ್ಕೆ ಅವರು ಬಾರದಿದ್ದಾಗಲೇ ಹುಡುಕಾಟ ಆರಂಭವಾದದ್ದು. ಆ ಅಟ್ಟಣೆ ಇರುವ ಸ್ಥಳ ಯಜಮಾನರ ತಲೆಯಲ್ಲಿತ್ತೇ ಹೊರತು ಯಾವ ಕಾಗದದಲ್ಲೂ ಇರಲಿಲ್ಲ, ಯಜಮಾನರು ಆಗ ಬೆಟ್ಟದ ಆಚೆ ಇದ್ದರು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಗೆಳೆಯರು ಅಷ್ಟು ಹೊತ್ತು ನೆಲದ ಮೇಲೆ ಬಿದ್ದಿದ್ದರು. ಸ್ವಯಂಸೇವಕರ ಆಂಬುಲೆನ್ಸ್ ತಂಡ ಅವರನ್ನು ಹಲಗೆಯ ಮೇಲೆ ಕಟ್ಟಿ ರಸ್ತೆಗೆ ತಂದಿತು, ಅಲ್ಲಿಂದ ಹೆಲಿಕಾಪ್ಟರ್ ದೊಡ್ಡ ಆಸ್ಪತ್ರೆಗೆ ಒಯ್ದಿತು. ಸೊಂಟದ ಭಾಗದ ಕಶೇರು ಒಡೆದಿತ್ತು. ಸರಳು ಮತ್ತು ಸ್ಕ್ರೂ ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು. ಈಗ ನಡೆಯುತ್ತಾರೆ, ಆದರೆ ಎಡಪಾದದ ಸ್ಪರ್ಶ ಪೂರ್ತಿ ಮರಳಿಲ್ಲ, ಮಗಳನ್ನು ಎತ್ತಿಕೊಳ್ಳಲು ಆಗುವುದಿಲ್ಲ.

ಪಟ್ಟಿ ಏಕೆ ಹರಿಯಿತು ಎಂಬುದನ್ನು ನಂತರ ಕಣ್ಣಾರೆ ನೋಡಿದೆ. ವರ್ಷವಿಡೀ ಮರದಲ್ಲೇ ಬಿಟ್ಟ ನೈಲಾನ್ ಪಟ್ಟಿಯನ್ನು ಬಿಸಿಲು, ಮಳೆ, ಹಿಮ ಮೂರೂ ತಿನ್ನುತ್ತವೆ; ಅಳಿಲುಗಳು ಕಡಿಯುತ್ತವೆ; ಎಲ್ಲಕ್ಕಿಂತ ಮುಖ್ಯವಾಗಿ, ಮರ ಬದುಕಿರುವುದರಿಂದ ಅದರ ಸುತ್ತಳತೆ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ, ಹೀಗಾಗಿ ಯಾರೂ ಹತ್ತದಿದ್ದರೂ ಅದು ತಿಂಗಳುಗಟ್ಟಲೆ ಬಿಗಿತದಲ್ಲಿಯೇ ಇರುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಮಾಸಿದಂತೆ ಕಾಣುತ್ತದೆ, ಅಷ್ಟೆ. ಬ್ಯಾಟರಿ ಬೆಳಕಿನಲ್ಲಿ ಅದೂ ಕಾಣುವುದಿಲ್ಲ. ಆದ್ದರಿಂದ ಹೋದ ವರ್ಷ ಕಟ್ಟಿದ ಅಟ್ಟಣೆಯನ್ನು ಈ ವರ್ಷ ಬಿಚ್ಚಿ, ಹೊಸ ಪಟ್ಟಿ ಹಾಕಿ, ಹಗಲಿನಲ್ಲಿ ಭಾರ ಹಾಕಿ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಹಾಗೆ ಮಾಡಿಲ್ಲವೆಂದರೆ ಹತ್ತಬೇಡಿ. ಮಾರಾಟದಲ್ಲಿರುವ ಹೆಚ್ಚಿನ ಅಟ್ಟಣೆಗಳ ಭಾರಮಿತಿ 300 ಪೌಂಡ್, ಅಂದರೆ ಸುಮಾರು 136 ಕಿಲೋ. ಚಳಿಯ ಉಡುಪು, ಬೂಟು, ಚೀಲ, ರೈಫಲ್ ಎಲ್ಲವೂ ಆ ಲೆಕ್ಕದೊಳಗೆ ಬರುತ್ತವೆ.

ಕುಳಿತ ಮೇಲೆ ಕಟ್ಟಿಕೊಂಡರೆ ಸಾಕು ಎಂಬ ಸಲಹೆ ಎಷ್ಟು ಅಪಾಯಕಾರಿ ಎಂದು ಎಷ್ಟು ಹೇಳಿದರೂ ಕಡಿಮೆ. ಕುಳಿತವರು ಬೀಳುವುದಕ್ಕಿಂತ ಹತ್ತುವವರು, ಇಳಿಯುವವರು, ಏಣಿಯಿಂದ ಹಲಗೆಗೆ ದಾಟುವವರು ಬೀಳುವುದೇ ಹೆಚ್ಚು. ಇದಕ್ಕಾಗಿಯೇ ಲೈಫ್‌ಲೈನ್ ಎಂಬ ಹಗ್ಗವಿದೆ: ಅದರ ಒಂದು ತುದಿ ಅಟ್ಟಣೆಗಿಂತ ಮೇಲೆ ಮರಕ್ಕೆ ಬಿಗಿದಿರುತ್ತದೆ, ಇನ್ನೊಂದು ಬುಡದಲ್ಲಿ; ನಡುವೆ ಪ್ರೂಸಿಕ್ ಗಂಟು, ಕೈಯಿಂದ ಸರಿಸಿದರೆ ಜಾರುತ್ತದೆ, ಏಕಾಏಕಿ ಭಾರ ಬಿದ್ದರೆ ಬಿಗಿದು ನಿಲ್ಲುತ್ತದೆ. ಹಾರ್ನೆಸನ್ನು ನೆಲದಲ್ಲಿ ಈ ಗಂಟಿಗೆ ಸಿಕ್ಕಿಸಿದವರು ಮತ್ತೆ ನೆಲ ಮುಟ್ಟುವವರೆಗೆ ಬಿಚ್ಚಬೇಕಾಗಿಯೇ ಇಲ್ಲ. ಸದ್ದಾಗುತ್ತದೆ ಎಂಬ ಮಾತಿಗೂ ಹುರುಳಿಲ್ಲ, ಕಬ್ಬಿಣದ ಏಣಿಯ ಮೇಲೆ ಬೂಟಿನ ಸದ್ದು ಅದಕ್ಕಿಂತ ಜೋರಾಗಿರುತ್ತದೆ. ಕುಳಿತಾಗ ಹಾರ್ನೆಸಿನ ಹಗ್ಗ ತಲೆಗಿಂತ ಮೇಲೆ, ಸಡಿಲವಿಲ್ಲದೆ ಇರಬೇಕು. ಬಿದ್ದು ತೂಗಾಡಿದರೆ ತೊಡೆಯ ಪಟ್ಟಿಗಳು ರಕ್ತಸಂಚಾರವನ್ನು ತಡೆಯುವುದರಿಂದ ಅಲುಗಾಡದೆ ತೂಗುವುದೂ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಹಾರ್ನೆಸಿನ ಜೊತೆಗೆ ಬರುವ ಕಾಲಿಡುವ ಪಟ್ಟಿಯನ್ನು ಬಿಚ್ಚಿ ಅದರ ಮೇಲೆ ನಿಲ್ಲುವುದನ್ನು ಮನೆಯಲ್ಲಿಯೇ, ನೆಲಕ್ಕೆ ಹತ್ತಿರವಾಗಿ, ಒಬ್ಬರ ನೆರವಿನೊಂದಿಗೆ ಅಭ್ಯಾಸ ಮಾಡಿಕೊಳ್ಳಿ.

ಯಾರು ಯಾವ ಮರದಲ್ಲಿ, ಎಷ್ಟು ಗಂಟೆಗೆ ಮರಳುತ್ತಾರೆ ಎಂಬುದನ್ನು ಬರೆದು ಶಿಬಿರದ ಮೇಜಿನ ಮೇಲೂ ಮನೆಯವರ ಕೈಯಲ್ಲೂ ಬಿಟ್ಟು ಹೋಗಬೇಕು. ಸೀಟಿಯೊಂದು ಕೊರಳಲ್ಲಿ ಇರಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳು ಈಗ ಸಿಗುತ್ತವೆ, ಕೆಲವು ಹೊಸ ಮೊಬೈಲ್‌ಗಳಲ್ಲೂ ಆ ಸೌಲಭ್ಯವಿದೆ.

ಅದೇ ಮೇಜಿನ ಸುತ್ತ ಕೇಳಿಬಂದ ಇನ್ನೊಂದು ಸಲಹೆ ನಮ್ಮಂಥವರನ್ನು ಬೇರೆ ರೀತಿಯಲ್ಲಿ ಮುಳುಗಿಸಬಲ್ಲದು. ಬೇಸಿಗೆಯಲ್ಲಿ ಬಂದು ತಮ್ಮ ರೈಫಲಿನಲ್ಲಿ ಗುರಿ ಅಭ್ಯಾಸ ಮಾಡಿ, ಲೈಸೆನ್ಸ್ ನವೆಂಬರಿನಲ್ಲಿ ತೆಗೆದುಕೊಂಡರಾಯಿತು ಎಂದು ಅವರು ಕರೆದರು. ಅಮೆರಿಕದ ನಾಗರಿಕರಿಗೆ ಇದು ಸರಿಯಿರಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಪೆನ್ಸಿಲ್ವೇನಿಯಾದ ಲೈಸೆನ್ಸ್ ಜುಲೈ 1ರಿಂದ ಜೂನ್ 30ರವರೆಗೆ ಮಾತ್ರ ನಡೆಯುತ್ತದೆ. ಕೈಗೆ ತೆಗೆದುಕೊಂಡು ಎರಡು ಗುಂಡು ಹಾರಿಸಿದರೂ ಹೊಂದಿದ್ದ ಲೆಕ್ಕಕ್ಕೇ ಬರಬಹುದು: ಫ್ಲೋರಿಡಾದಲ್ಲಿ ವಿದ್ಯಾರ್ಥಿ ವೀಸಾದ ಅರ್ಹತೆ ಕಳೆದುಕೊಂಡಿದ್ದ ರೆಹೈಫ್ ಎಂಬುವರು ಗುರಿ ಅಭ್ಯಾಸದ ಮೈದಾನದಲ್ಲಿ ಬಂದೂಕು ಹಾರಿಸಿದ್ದಕ್ಕೆ ಶಿಕ್ಷೆಗೆ ಒಳಗಾದರು. 2019ರಲ್ಲಿ ಸುಪ್ರೀಂ ಕೋರ್ಟ್, ತನ್ನ ವಲಸೆ ಸ್ಥಿತಿ ಏನೆಂದು ಆರೋಪಿಗೆ ತಿಳಿದಿತ್ತು ಎಂಬುದನ್ನೂ ಸರ್ಕಾರ ಸಾಬೀತುಪಡಿಸಬೇಕು ಎಂದು ಹೇಳಿ ಆ ಶಿಕ್ಷೆಯನ್ನು ಎತ್ತಿಹಿಡಿಯಲಿಲ್ಲ. ಎಚ್-1ಬಿಯಲ್ಲಿ ಇರುವವರಿಗೆ ಇದರಿಂದ ಸಮಾಧಾನವಿಲ್ಲ, ತಮ್ಮ ವೀಸಾ ಯಾವುದೆಂದು ಅವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಬಂದೂಕಿನ ಅಪರಾಧ ಸಾಬೀತಾದರೆ ಗಡಿಪಾರಿಗೂ ದಾರಿಯಾಗುತ್ತದೆ. ರೈಫಲ್ ಮುಟ್ಟುವ ಮೊದಲು ಲೈಸೆನ್ಸ್ ಪಡೆಯಿರಿ, ವಲಸೆ ವಕೀಲರೊಂದಿಗೆ ಒಮ್ಮೆ ಮಾತನಾಡಿರಿ.

ಹಾಗೆಯೇ, ಬೇರೆಯವರು ಹೊಡೆದ ಜಿಂಕೆಗೆ ನಿಮ್ಮ ಟ್ಯಾಗ್ (ಲೈಸೆನ್ಸಿನೊಂದಿಗೆ ಬರುವ, ಹೊಡೆದ ಜಿಂಕೆಗೆ ಕಟ್ಟುವ ಚೀಟಿ) ಕಟ್ಟಲು ಕೇಳಿದರೆ ಕೊಡಬೇಡಿ. ವಿಸ್ಕಾನ್ಸಿನ್‌ನಂಥ ರಾಜ್ಯದಲ್ಲಿ ಗುಂಪು ಬೇಟೆಗೆ ನಿಯಮಬದ್ಧ ಅವಕಾಶವಿದೆ, ಪೆನ್ಸಿಲ್ವೇನಿಯಾದಲ್ಲಿ ಇಲ್ಲ.

ಆಹ್ವಾನ ಬಂದಾಗ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಗೆಳೆಯರು ಆಸ್ಪತ್ರೆಯಲ್ಲಿದ್ದಾಗ ಆ ಶಿಬಿರದವರು ಸರದಿಯ ಮೇಲೆ ಬಂದು ಅವರ ಮನೆಯ ಹಿಮ ಎತ್ತಿ ಹಾಕಿದರು, ಊಟ ತಂದರು. ಆದರೆ ಹೊರಡುವ ವಾರದ ಮುಂಚೆಯೇ ಕರೆ ಮಾಡಿ, ಅಟ್ಟಣೆಯನ್ನು ಯಾವಾಗ ಕಟ್ಟಿದ್ದು, ಪಟ್ಟಿ ಬದಲಿಸಿದ್ದು ಯಾರು, ಲೈಫ್‌ಲೈನ್ ಇದೆಯೇ ಎಂದು ಕೇಳಿರಿ. ಮೇಜಿನ ಮುಂದೆ ಕೇಳುವುದಕ್ಕಿಂತ ಫೋನಿನಲ್ಲಿ ಕೇಳುವುದು ಸುಲಭ. ಸರಿಯಾದ ಉತ್ತರ ಬಾರದಿದ್ದರೆ ನನಗೆ ನೆಲದ ಮೇಲಿನ ಜಾಗ ಕೊಡಿ ಎಂದು ಆಗಲೇ ಹೇಳಿಬಿಡಿ. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳಿ, ತಲೆ, ಎದೆ, ಬೆನ್ನಿನ ಮೇಲೆ ಒಟ್ಟು 250 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಬಣ್ಣ ಎಲ್ಲ ಕಡೆಯಿಂದಲೂ ಕಾಣುವಂತೆ ಇರಲಿ, ಆ ರಾಜ್ಯದ ನಿಯಮವೂ ಅದೇ.