ಗೀರು ಬಿದ್ದ ಡಿಸ್ಕ್: ಉಜ್ಜಬೇಕಾ, ಕಾಪಿ ಮಾಡಿಡಬೇಕಾ?

ಕಲಬುರಗಿಯಲ್ಲಿ ಎಷ್ಟೋ ಮನೆಗಳ ಮದುವೆ, ಜವಳದ ವಿಡಿಯೋ ಇನ್ನೂ ಡಿವಿಡಿಯಲ್ಲೇ ಇದೆ. ಮಕ್ಕಳ ಕೈಗೆ ಸಿಕ್ಕರೆ ಅದು ಸೀದಾ ಫರ್ಸಿ ಮೇಲೆ ಬೀಳುತ್ತದೆ. ಶಹಾಬಾದ್ ಕಲ್ಲಿನ ಮೇಲಿನ ಧೂಳಲ್ಲಿ ಒಮ್ಮೆ ಎಳೆದಾಡಿದರೂ ಸಾಕು, ಗೀರು ಗ್ಯಾರಂಟಿ.

ಉಜ್ಜುವ ಮೊದಲು ಗೀರು ಯಾವ ಕಡೆ ಇದೆ ನೋಡಿ. ಹೊಳೆಯುವ ಕಡೆ ಇದ್ದರೆ ಆಸೆ ಇದೆ. ಅಲ್ಲಿ ಡೇಟಾದ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ: ಸಿಡಿಯಲ್ಲಿ ಸುಮಾರು 1.2 ಮಿ.ಮೀ., ಡಿವಿಡಿಯಲ್ಲಿ 0.6. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಚೂರು ಹಚ್ಚಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿನವರೆಗೆ ನೇರವಾಗಿ ಒರೆಸಿ. ಸುತ್ತ ಸುತ್ತ ಉಜ್ಜಲೇಬೇಡಿ. ಡೇಟಾ ಸುತ್ತಿಕೊಂಡೇ ಹೋಗುತ್ತದೆ ಅಲ್ವಾ, ಅದರ ಜೊತೆಗೇ ಸಾಗುವ ಗೀರು ಒಂದೇ ಸಲಕ್ಕೆ ಜಾಸ್ತಿ ಡೇಟಾ ಮುಚ್ಚುತ್ತದೆ. ಅಡ್ಡ ಗೀರನ್ನು ಪ್ಲೇಯರ್ ಎಷ್ಟೋ ಸಲ ಸರಿಪಡಿಸಿಕೊಳ್ಳುತ್ತದೆ. ಬ್ಲೂ-ರೇಗೆ ಪೇಸ್ಟ್ ಬೇಡ, ಅದರ ಪದರ ಬರೀ 0.1 ಮಿ.ಮೀ. ಸಿಡಿಯ ಹೆಸರು ಬರೆದ ಕಡೆ ಆಳವಾಗಿ ಕೆರೆದಿದ್ದರೆ ಸುಮ್ನೆ ಕಷ್ಟಪಡಬೇಡಿ. ಡೇಟಾ ಆ ಕಡೆಗೇ ಇರೋದು, ಹೋದದ್ದು ಬರಲ್ಲ.

ಕಾಪಿಗೆ ಬೇಕಾಗುವುದು ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್, ಸ್ವಲ್ಪ ತಾಳ್ಮೆ. ಸಾಮಾನ್ಯ ಡಿವಿಡಿ 4.7 ಜಿಬಿ. 32 ಜಿಬಿ ಪೆನ್‌ಡ್ರೈವ್‌ನಲ್ಲಿ ಆರು ಹಿಡಿಸುತ್ತವೆ. ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲೂ ಇರಲಿ.

ಚಿಕ್ಕ ಮಕ್ಕಳಿರುವ ಮನೆಗೆ ನನ್ನ ಓಟು ಕಾಪಿಗೇ. ಒಮ್ಮೆ ಓದುವಷ್ಟು ಮಾತ್ರ ಉಜ್ಜಿ, ತಕ್ಷಣ ಕಾಪಿ ಮಾಡಿ. ಮಕ್ಕಳು ಕಾಪಿ ನೋಡಲಿ. ಮೂಲ ಡಿಸ್ಕನ್ನು ಡಬ್ಬಿಯಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿ, ಮೇಲಿನ ಕಪಾಟಿನಲ್ಲಿಡಿ. ಕಿಟಕಿ ಹತ್ತಿರ ಬೇಡ. ನಮ್ಮ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕ್‌ಗಳಲ್ಲಿ ಡೇಟಾ ಹಿಡಿದಿಡುವ ಬಣ್ಣದ ಪದರಕ್ಕೆ ಅದು ಆಗಿಬರಲ್ಲ.